ಸರಕಾರಿ ಪಗಾರ, ಖಾಸಗಿ ಪಗಾರ: ಯಾವ ತಕ್ಕಡಿಯೊಳಗ ತೂಗೋದು?

ಈ ಸಲ ಸ್ವಲ್ಪ ಲೆಕ್ಕದ ಮಾತು. ಹುಳಿ-ಸಾರಿನ ಮಾತಲ್ಲಾ ಅಂತ ಅರ್ಧಕ್ಕ ಬಿಡಬ್ಯಾಡ್ರಿ. ನಮ್ಮ ಮನಿಗಳೊಳಗ ಲಗ್ನದ ಮಾತು, ಮಕ್ಕಳ ಓದಿನ ಮಾತು, ಮುಪ್ಪಿನ ಚಿಂತಿ ಎಲ್ಲಾ ಕಡೀಕ ಬಂದು ನಿಲ್ಲೋದು ಇದೊಂದ ಪ್ರಶ್ನೆಗೆ: "ಸರಕಾರಿನೋ, ಪ್ರೈವೇಟೋ?" ಕನ್ಯಾ ಕೇಳಲಿಕ್ಕೆ ಬಂದವರೂ ಅದನ್ನ ಕೇಳ್ತಾರ, ಅರಿಶಿಣ-ಕುಂಕುಮಕ್ಕ ಬಂದವರೂ ಅದನ್ನ ಕೇಳ್ತಾರ. ಉತ್ತರ ಕೊಟ್ಟ ಕೂಡಲೆ "ಹೌದನ? ಪಗಾರ ಎಷ್ಟು?" ಅಂತಾರ. ಅಲ್ಲಿಗೆ ಮಾತು ಮುಗೀತು. ನನ್ನ ತಕರಾರು ಏನಂದ್ರ, ಮಾತು ಅಲ್ಲಿಂದ ಸುರು ಆಗಬೇಕು.

ಮೊದಲು ಕೈಗೆ ಬರೋ ರೊಕ್ಕದ ಮಾತು. ನಮ್ಮ ರಾಜ್ಯದ 7ನೇ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್ 1ರಿಂದ ಜಾರಿಗೆ ಬಂತು. ಕನಿಷ್ಠ ಮೂಲ ವೇತನ 17,000 ಇದ್ದದ್ದು 27,000 ಆತು. ಅದರ ಮ್ಯಾಲೆ ತುಟ್ಟಿಭತ್ಯೆ, ಊರು ನೋಡಿ ಮನಿ ಬಾಡಿಗಿ ಭತ್ಯೆ. ಅಂದ್ರ ಆಫೀಸಿನಾಗ ಫೈಲು ಹೊತ್ತು ತಿರುಗೋ ಜವಾನನ ಪಗಾರನೂ ಅಲ್ಲಿಂದ ಸುರು ಆಗ್ತದ. ಅದ ಊರಾಗ ಬಿ.ಇಡಿ. ಮುಗಿಸಿದ ಅಕ್ಕೋರು ಖಾಸಗಿ ಸಾಲಿಯೊಳಗ ಇದರ ಅರ್ಧಕ್ಕ ಪಾಠ ಹೇಳೋದನ್ನ ನಾವೆಲ್ಲಾ ನೋಡೇವಿ. ಅದಕ್ಕ ಗುಮಾಸ್ತಕಿ, ಮಾಸ್ತರಕಿ, ನರ್ಸ್ ಕೆಲಸ ಇಂಥಾವಕ್ಕ ಸರಕಾರದ ತಕ್ಕಡಿನ ಭಾರ. ಆದರ ಮ್ಯಾಲೆ ಏರಿದಂಗ ತಕ್ಕಡಿ ತಿರುಗ್ತದ. ಕಂಪ್ಯೂಟರ್ ಕೆಲಸ ಛಲೋ ಕಲ್ತ ಹುಡುಗಿ ಬೆಂಗಳೂರಿನ ಕಂಪನಿಯೊಳಗ ಹತ್ತು ವರ್ಷಕ್ಕ ತಗೊಳ್ಳೋ ಪಗಾರ, ಸರಕಾರಿ ಅಧಿಕಾರಿಗೆ ನಿವೃತ್ತಿ ಹತ್ರ ಬಂದಾಗೂ ಸಿಗಲಿಕ್ಕಿಲ್ಲ. ಹಿಂಗಾಗಿ "ಸರಕಾರಿ ಮೇಲು" ಅನ್ನೋದೂ ಅರ್ಧ ಖರೇ, "ಖಾಸಗಿ ಮೇಲು" ಅನ್ನೋದೂ ಅರ್ಧ ಖರೇ. ಯಾವ ಕೆಲಸ ಅನ್ನೋದನ್ನ ಬಿಟ್ಟು ಹೋಲಿಸಿದ್ರ ಜ್ವಾಳಕ್ಕೂ ಗೋದಿಗೂ ಒಂದ ದರ ಹಚ್ಚಿದಂಗ.

ಇನ್ನೊಂದು ಮಾತು. ಸರಕಾರದಾಗ ಪಗಾರ ಛಾಪಿಸಿದ ಪಟ್ಟಿಯೊಳಗ ಇರ್ತದ. ಗಂಡಸು ಗುಮಾಸ್ತಗೂ ಹೆಂಗಸು ಗುಮಾಸ್ತಳಿಗೂ ಒಂದ ಶ್ರೇಣಿ. ಖಾಸಗಿಯೊಳಗ "ನಿಮ್ಮ ಪಗಾರ ಯಾರಿಗೂ ಹೇಳಬ್ಯಾಡ್ರಿ" ಅಂತಾರ. ಬಾಜೂ ಕುರ್ಚಿ ಮ್ಯಾಲೆ ಕೂತಾವಗ ಎಷ್ಟು ಅಂತ ಗೊತ್ತಿಲ್ಲಂದ್ರ ನಮ್ಮ ಹುಡುಗಿ ಹೆಚ್ಚಿಗಿ ಕೇಳೋದು ಹೆಂಗ? ಚೌಕಾಸಿ ಮಾಡಿ ಪಗಾರ ಏರಿಸ್ಕೊಳ್ಳೋದು ನಮ್ಮ ಹೆಣ್ಣಮಕ್ಕಳಿಗೆ ಯಾರೂ ಕಲಿಸಿಲ್ಲಾ. ಪ್ಯಾಟಿಯೊಳಗ ಮೆಂತ್ಯೆ ಸೂಡಿಗೆ ಎರಡು ರೂಪಾಯಿ ಬಿಡಸ್ಲಿಕ್ಕೆ ಬರ್ತದ, ಆಫೀಸಿನಾಗ ಬಾಯಿ ಬರೂದಿಲ್ಲಾ.

ಖಾಸಗಿಯವರು ಹೇಳೋ ಅಂಕಿನೂ ಪೂರಾ ನಂಬೂ ಹಂಗಿಲ್ಲಾ. ನಮ್ಮ ಅಕ್ಕನ ಮಗಳಿಗೆ ಹುಬ್ಬಳ್ಳಿಯೊಳಗ ಒಂದು ಕಡೆ ಕೆಲಸ ಸಿಕ್ಕದ. "ವರ್ಷಕ್ಕ 3,60,000" ಅಂದಾರ. ಮನಿಯವರೆಲ್ಲಾ ತಿಂಗಳಿಗೆ 30,000 ಅಂತ ಭಾಗಿಸಿಬಿಟ್ರು. ನಾನು ಕಾಗದ ತರಿಸಿ ಓದಿದೆ. ಅದು ಸಿಟಿಸಿ, ಅಂದ್ರ ಮಾಲಕರಿಗೆ ಬೀಳೋ ಒಟ್ಟು ಖರ್ಚು. ಅದರಾಗ ಮಾಲಕರು ತುಂಬೋ ಪಿಎಫ್ 1,800, ಗ್ರಾಚ್ಯುಟಿಗೆ ಅಂತ ಎತ್ತಿಟ್ಟ ಸುಮಾರು 720, ಆಕೀನ ಪಿಎಫ್ 1,800, ವೃತ್ತಿ ತೆರಿಗಿ 200. ಇಷ್ಟೂ ಕಳದ್ರ ಕೈಗೆ ಬರೋದು 25,500ರ ಆಸುಪಾಸು. ಇದು ಮೋಸ ಅಲ್ಲಾ. ಪಿಎಫ್ ಆಕೀನ ರೊಕ್ಕನ. ಆದರ ಮನಿ ಬಾಡಿಗಿ, ಬಸ್ಸು, ಊಟದ ಲೆಕ್ಕ ಹಾಕೋದು 25,500ರ ಮ್ಯಾಲೆ ಹೊರತು 30,000ದ ಮ್ಯಾಲೆ ಅಲ್ಲಾ.

ಈಗ ಮುಪ್ಪಿನ ಮಾತು. ಮೌಶಿಯವರೆಲ್ಲಾ "ಪಿಂಚಣಿ ಬರ್ತದಲ್ಲವಾ, ಮತ್ತೇನ್ ಬೇಕು" ಅಂತೀರಿ. ನಿಮ್ಮ ಕಾಲದ ಪಿಂಚಣಿ ಬ್ಯಾರೆ, ಈಗಿನ ಹುಡುಗರದ್ದು ಬ್ಯಾರೆ. ನಮ್ಮ ರಾಜ್ಯದಾಗ 2006ರ ಏಪ್ರಿಲ್ 1ಕ್ಕ ಮತ್ತ ಅದರ ಮುಂದ ನೌಕರಿಗೆ ಸೇರಿದವರು ಹೊಸ ಪಿಂಚಣಿಗೆ, ಅಂದ್ರ ಎನ್‌ಪಿಎಸ್‌ಗೆ ಬರ್ತಾರ. ಹಳೇ ಪದ್ಧತಿಯೊಳಗ ಪೂರಾ ಸೇವಾ ಮಾಡಿದವರಿಗೆ ಕೊನೇ ಮೂಲ ವೇತನದ ಅರ್ಧ ಸಾಯೋತನಕ, ತುಟ್ಟಿಭತ್ಯೆ ಕೂಡಿ. ಅವರು ಹೋದ ಮ್ಯಾಲೆ ಹೆಂಡ್ತಿಗೆ ಕುಟುಂಬ ಪಿಂಚಣಿ. ಹೊಸದರಾಗ ನೌಕರರ ಪಗಾರದ 10 ಪರ್ಸೆಂಟ್, ಸರಕಾರದ್ದು 14 ಪರ್ಸೆಂಟ್ ಕೂಡಿ ಪೇಟೆಗೆ ಹೋಗ್ತದ. ನಿವೃತ್ತಿಗೆ 60 ಪರ್ಸೆಂಟ್ ತನಕ ಕೈಗೆ ತಗೋಬಹುದು, ಉಳಿದದ್ದರಾಗ ತಿಂಗಳ ವರ್ಷಾಸನ ಕೊಳ್ಳಬೇಕು. ಎಷ್ಟು ಬರ್ತದ ಅಂತ ಇವತ್ತ ಯಾರೂ ಗ್ಯಾರಂಟಿ ಕೊಡೂದಿಲ್ಲಾ. ಇಷ್ಟಾದರೂ ಇದು ಸಣ್ಣದಲ್ಲಾ, 24 ಪರ್ಸೆಂಟ್ ಪ್ರತಿ ತಿಂಗಳು ಜಮಾ ಆಗ್ತದ. ಆದರ "ಸರಕಾರಿ ವರ, ಪಿಂಚಣಿ ಗ್ಯಾರಂಟಿ" ಅಂತ ಕಣ್ಣು ಮುಚ್ಚಿ ಹೂಂ ಅನ್ನೋ ಕಾಲ ಹೋತು. ಸೇರಿದ ವರ್ಷ ಕೇಳ್ರಿ.

ಖಾಸಗಿಯೊಳಗ ಪಿಂಚಣಿ ಇಲ್ಲವೇ ಇಲ್ಲಾ ಅನ್ನೋದೂ ತಪ್ಪು. ಪಿಎಫ್ ಕಟ್ಟೋರಿಗೆ ಇಪಿಎಸ್ ಅಂತ ಒಂದು ಅದ. ಮಾಲಕರು ತುಂಬೋ 12 ಪರ್ಸೆಂಟಿನಾಗ 8.33 ಅದಕ್ಕ ಹೋಗ್ತದ, ಅದೂ 15,000 ಪಗಾರದ ಮಿತಿಯೊಳಗ. ಲೆಕ್ಕ ಸಾದಾ: ಪಗಾರ ಗುಣಿಸು ಸೇವಾ ವರ್ಷ, ಭಾಗಿಸು 70. 15,000ದ ಮ್ಯಾಲೆ 14 ವರ್ಷ ದುಡಿದ್ರ ತಿಂಗಳಿಗೆ 3,000. 35 ವರ್ಷ ಲೆಕ್ಕಕ್ಕ ಬಂದ್ರ 7,500. ಇದರಾಗ ಇಬ್ಬರ ಮುಪ್ಪು ನೀಗೂದಿಲ್ಲಾ ಅಂತ ನಿಮಗ ಹೇಳೋದು ಬ್ಯಾಡ. ಖಾಸಗಿ ಪಗಾರ ಹೆಚ್ಚು ಇದ್ರೂ ಅದರೊಳಗಿಂದ ಮುಪ್ಪಿನ ಪಾಲು ನಾವ ತೆಗೆದಿಡಬೇಕು. ತೆಗೆದಿಡದ 40,000ಕ್ಕಿಂತ ತೆಗೆದಿಟ್ಟ 27,000 ದೊಡ್ಡದು. ಮತ್ತ ಒಂದು ಕೈ ಮುಗಿದು ಹೇಳೋ ಮಾತು: ಲಗ್ನಾತು, ನೌಕರಿ ಬಿಟ್ಟಳು ಅಂತ ಮಗಳ ಪಿಎಫ್ ಮುರಿದು ಬಂಗಾರ ಮಾಡಸಬ್ಯಾಡ್ರಿ. ಇಪಿಎಸ್ ಪಿಂಚಣಿಗೆ 10 ವರ್ಷ ಬೇಕು. ನಡುವ ಮುರಿದ್ರ ಹಿಂದಿನ ವರ್ಷ ಕೈಬಿಟ್ಟು ಹೋಗ್ತಾವ. ಮುಂದ ಮತ್ತ ನೌಕರಿಗೆ ಸೇರಿದ್ರ ಅದ ಯುಎಎನ್ ನಂಬರ್ ನಡೀತದ.

ಬಾಣಂತನದ ಮಾತಿಗೆ ಬರೋಣು. ರಾಜ್ಯ ಸರಕಾರದ ನೌಕರಿಯೊಳಗ 180 ದಿವಸ ಹೆರಿಗಿ ರಜಾ. ಅದರ ಮ್ಯಾಲೆ 2021ರಿಂದ ಶಿಶುಪಾಲನಾ ರಜಾನೂ ಬಂದದ, ಇಡೀ ಸೇವಾದಾಗ 6 ತಿಂಗಳು. ಖಾಸಗಿಯೊಳಗೂ ಕಾಯ್ದೆ ಅದ. 1961ರ ಹೆರಿಗೆ ಸೌಲಭ್ಯ ಕಾಯ್ದೆ 2017ರಾಗ ತಿದ್ದುಪಡಿ ಆಗಿ, ಮೊದಲ ಎರಡು ಕೂಸಿಗೆ 26 ವಾರ ಪಗಾರಿ ರಜಾ ಕೊಡಬೇಕಂತ ಆಗೇದ. 10 ಮಂದಿ ದುಡಿಯೋ ಜಾಗಾದಾಗಿಂದ ಇದು ಹತ್ತತದ. ಹೆರಿಗಿಗಿಂತ ಹಿಂದಿನ 12 ತಿಂಗಳಾಗ 80 ದಿವಸ ದುಡಿದಿದ್ರ ಸಾಕು. 50 ಮಂದಿ ಇದ್ದಲ್ಲೆ ಕೂಸು ನೋಡ್ಕೊಳ್ಳೋ ವ್ಯವಸ್ಥಾ ಇರಬೇಕು. ಕಾಗದದ ಮ್ಯಾಲೆ ಎರಡೂ ಹತ್ರ ಹತ್ರ. ಫರಕು ಎಲ್ಲೆ ಅಂದ್ರ, ಸರಕಾರದಾಗ ಅರ್ಜಿ ಹಾಕಿದ್ರ ಮುಗೀತು. ಖಾಸಗಿಯೊಳಗ ಎಷ್ಟೋ ಕಡೆ ಹೊಟ್ಟಿ ಕಾಣ್ಲಿಕ್ಕೆ ಹತ್ತಿದ ಕೂಡಲೆ "ಈ ವರ್ಷ ಮನ್ಯಾಗ ಆರಾಮ ಇರವಾ, ಆಮ್ಯಾಲೆ ನೋಡೋಣು" ಅಂತ ಸಿಹಿ ಮಾತಿನಾಗ ರಾಜೀನಾಮೆ ಬರಸ್ಕೋತಾರ. ಬರದು ಕೊಟ್ಟ ಮ್ಯಾಲೆ ಕಾಯ್ದೆ ಕೈ ಹಿಡಿಯೋದು ಕಷ್ಟ. ಹೆರಿಗಿ ರಜಾದಾಗ ಇದ್ದಾಕೀನ ಕೆಲಸದಿಂದ ತಗೀಲಿಕ್ಕೆ ಬರೂದಿಲ್ಲಾ ಅಂತ ಅದ ಕಾಯ್ದೆ ಹೇಳ್ತದ. ಹಿಂಗಾಗಿ ಅತ್ತಿ ಮನ್ಯಾಗಿರಲಿ ತವರು ಮನ್ಯಾಗಿರಲಿ, "ಬಿಟ್ಟುಬಿಡು ಬಿಡು" ಅನ್ನೋಕಿಂತ ಮೊದಲು "ರಾಜೀನಾಮೆ ಬರೀಬ್ಯಾಡ, ರಜಾ ಬರಿ" ಅನ್ರಿ.

ಗ್ರಾಚ್ಯುಟಿನೂ ಹಂಗ. 10ಕ್ಕಿಂತ ಕಡಿಮಿ ಇಲ್ಲದ ಮಂದಿ ದುಡಿಯೋ ಜಾಗಾದಾಗ, ಕಾಯಂ ನೌಕರಿಯೊಳಗ 5 ವರ್ಷ ತುಂಬಿದ್ರ ಹಕ್ಕು. ಮೂಲ ಪಗಾರ ಮತ್ತ ತುಟ್ಟಿಭತ್ಯೆ ಕೂಡಿ 26,000 ಇದ್ದಾಕಿ 10 ವರ್ಷ ದುಡಿದು ಬಿಟ್ರ 1,50,000 ಬರಬೇಕು. ಖಾಸಗಿ ಸಾಲಿ ಅಕ್ಕೋರಿಗೂ ಇದು ಅನ್ವಯ ಅಂತ ಸುಪ್ರೀಂ ಕೋರ್ಟ್ 2022ರಾಗ ಎತ್ತಿ ಹಿಡಿದದ. ನಾಲ್ಕು ವರ್ಷಕ್ಕ ಬ್ಯಾಸರ ಬಂತು ಅಂತ ಬಿಡೋರು ಕ್ಯಾಲೆಂಡರ್ ಒಮ್ಮೆ ನೋಡ್ಕೊಂಡು ಬಿಡ್ರಿ.

ಸಾವಿನ ಮಾತು ಆಡಬಾರದು ಅಂತೀವಿ, ಆದರ ಆಡದಿದ್ರ ಉಳಿದ ಹೆಣ್ಣಮಗಳಿಗೇ ಹೊಡ್ತ. ಸರಕಾರಿ ನೌಕರ ಸೇವಾದಾಗ ತೀರ್ಕೊಂಡ್ರ ಕೆಜಿಐಡಿ ವಿಮಾ ಇರ್ತದ, ಅನುಕಂಪದ ನೌಕರಿ ಇರ್ತದ. ಅದೂ ಮೊದಲು ಲಗ್ನಾದ ಮಗಳಿಗೆ ಇರಲಿಲ್ಲಾ. ನಮ್ಮ ಹೈಕೋರ್ಟ್ ಅದು ತಾರತಮ್ಯ ಅಂದ ಮ್ಯಾಲೆ 2021ರಾಗ ನಿಯಮ ಬದಲಾತು. ಖಾಸಗಿ ನೌಕರ ತೀರ್ಕೊಂಡ್ರ ಏನೂ ಇಲ್ಲಾ ಅಂತ ನಮ್ಮ ಓಣಿಯೊಳಗ ಒಬ್ಬಾಕಿ ವರ್ಷಗಟ್ಟಲೆ ಸುಮ್ಮನ ಕೂತಿದ್ಲು. ಪಿಎಫ್ ಇದ್ದವರಿಗೆ ಇಡಿಎಲ್ಐ ಅಂತ ವಿಮಾ ಇರ್ತದ, 7 ಲಕ್ಷದ ತನಕ. ಒಂದು ತಿಂಗಳು ಕಟ್ಟಿದ್ರೂ ವಿಧವಾ ಪಿಂಚಣಿಗೆ ಅರ್ಹತಾ ಬರ್ತದ. ಗಂಡನ ಯುಎಎನ್ ನಂಬರ್ ಏನು, ನಾಮಿನಿ ಜಾಗಾದಾಗ ಇನ್ನೂ ಅತ್ತಿ ಹೆಸರ ಅದನೋ ನಿಮ್ಮದದನೋ, ಇವತ್ತು ರಾತ್ರಿ ಊಟಾದ ಮ್ಯಾಲೆ ಕೇಳ್ರಿ. ಮುಜುಗರ ಪಡಬ್ಯಾಡ್ರಿ.

ಇನ್ನ "ಸರಕಾರಿ" ಅನ್ನೋ ಹೆಸರಿನ ಹಿಂದ ಎರಡು ಜಾತಿ ಅವ. ಕಾಯಂ ನೌಕರರದ್ದು ಒಂದು. ಅತಿಥಿ ಶಿಕ್ಷಕರು, ಹೊರಗುತ್ತಿಗೆ ಆಪರೇಟರು, ಅಂಗನವಾಡಿ ಅಕ್ಕೋರು, ಆಶಾ ಅಕ್ಕನವರು, ಇವರದ್ದು ಇನ್ನೊಂದು. ಕೆಲಸ ಸರಕಾರದ್ದು, ಆದರ ಪಗಾರ ಪಗಾರಲ್ಲಾ. ಅಂಗನವಾಡಿ, ಆಶಾದವರಿಗೆ ಕೊಡೋದಕ್ಕ "ಗೌರವಧನ" ಅಂತಾರ. ಅಂಗನವಾಡಿಯವರಿಗೂ ಗ್ರಾಚ್ಯುಟಿ ಕೊಡಬೇಕಂತ ಹೇಳಲಿಕ್ಕೆ 2022ರಾಗ ಸುಪ್ರೀಂ ಕೋರ್ಟೇ ಬೇಕಾತು. ನೋಡ್ರಿ, ಈ ಎರಡನೇ ಸಾಲಿನಾಗ ನಿಂತವರೊಳಗ ಹೆಚ್ಚಿನವರು ನಾವ, ಹೆಣ್ಣಮಕ್ಕಳ. ಹಂಗಾಗಿ "ಸರಕಾರಿ ಆಫೀಸಿನಾಗ ಇದ್ದಾಳ" ಅಂದ್ರ ಸಾಲೂದಿಲ್ಲಾ, ಆದೇಶದ ಕಾಗದದಾಗ ಏನು ಬರದದ ನೋಡಬೇಕು.

ಕಾಯೋದಕ್ಕೂ ಬೆಲಿ ಅದ. ಧಾರವಾಡದ ಸಪ್ತಾಪುರದ ಕಡೆ ಹೋಗಿ ನೋಡ್ರಿ, ಕೋಚಿಂಗ್ ಕ್ಲಾಸು, ಪಿಜಿ, ಲೈಬ್ರರಿ ತುಂಬ ನಮ್ಮ ಸುತ್ತಮುತ್ತಲ ಹಳ್ಳಿ ಹುಡುಗೀರು. ಓದೋದರಾಗ ತಪ್ಪಿಲ್ಲಾ. ಆದರ ಪರೀಕ್ಷಾ ನಮ್ಮ ಕೈಯಾಗ ಇಲ್ಲಾ. 545 ಪಿಎಸ್ಐ ಹುದ್ದೆಯ ಪರೀಕ್ಷಾ 2021ರ ಅಕ್ಟೋಬರದಾಗ ಆತು, ಅಕ್ರಮ ಹೊರಗ ಬಿದ್ದು ರದ್ದಾತು, ಮರುಪರೀಕ್ಷಾ ಆಗಿದ್ದು 2024ರ ಜನವರಿಗೆ. ಪ್ರಾಮಾಣಿಕಾಗಿ ಓದಿದ ಮಕ್ಕಳ ಎರಡು ವರ್ಷ ಯಾರು ತಿರುಗಿ ಕೊಡ್ತಾರ? ತಿಂಗಳಿಗೆ 20,000 ಹಿಡಿದ್ರೂ ಎರಡು ವರ್ಷಕ್ಕ 4,80,000 ಗಳಿಕಿ ಹೋತು, ಮ್ಯಾಲೆ ಪಿಜಿ ಬಾಡಿಗಿ, ಕ್ಲಾಸಿನ ಫೀ. ಅದಕ್ಕ ಅಕ್ಕನ ಮಗಳಿಗೆ ನಾನು ಹೇಳಿದ್ದು ಇಷ್ಟ: ಕೆಲಸಕ್ಕ ಸೇರು, ಮುಂಜಾನೆ ಎರಡು ತಾಸು ಓದು, ಮೂರು ವರ್ಷ ಪರೀಕ್ಷಾ ಬರಿ. ಸಿಕ್ರ ಹೋಗು, ಸಿಗದಿದ್ರ ಮೂರು ವರ್ಷದ ಅನುಭವ, ಪಿಎಫ್ ಕೈಯಾಗಿರ್ತದ. ಪೂರಾ ಹೊತ್ತು ಓದಿದವರ ಮುಂದ ಆಕಿಗೆ ಕಷ್ಟ ಆಗ್ತದ, ಖರೇ. ಆದರ ಬರೇಗೈಲೆ ಮೂವತ್ತಕ್ಕ ನಿಲ್ಲೋ ಕಷ್ಟ ಅದಕ್ಕಿಂತ ದೊಡ್ಡದು.

ಒಂದು ಮಾತು ಕಹಿ ಆದರೂ ಹೇಳ್ತೀನಿ. ಸರಕಾರಿ ವರನ ಮಾತು ಬಂದಾಗ ದನಿ ಸಣ್ಣ ಮಾಡಿ "ಮ್ಯಾಲಿನ ಗಳಿಕಿ ಹೆಂಗದ?" ಅಂತ ಕೇಳೋರು ನಮ್ಮೊಳಗ ಇದ್ದಾರ. ಅದನ್ನ ಪಗಾರದ ಲೆಕ್ಕದಾಗ ಹಿಡೀಬ್ಯಾಡ್ರಿ. ರೇಷನ್ ಕಾರ್ಡಿಗೆ, ಉತಾರಕ್ಕ ನಮ್ಮಂಥಾಕೀನ ಸೆರಗಿನ ಗಂಟಿನಿಂದ ಬಿಚ್ಚಿ ಕೊಟ್ಟ ರೊಕ್ಕ ಅದು. ಅಂಥಾ ರೊಕ್ಕ ನೋಡಿ ಮಗಳನ್ನ ಕೊಟ್ರ ನಾಳೆ ಲೋಕಾಯುಕ್ತದವರು ಬಾಗಲಾ ಬಡಿದಾಗ ಅಳೋದೂ ಆಕೀನ.

ಹಂಗಾದ್ರ ಏನ್ ಕೇಳಬೇಕು? ಮಗಳ ನೌಕರಿ ಇರಲಿ, ಅಳಿಯಂದಿರಲಿ, ಈ ಐದು ಕೇಳ್ರಿ. ಕೈಗೆ ಬರೋದು ಎಷ್ಟು? ಪಿಎಫ್ ಅಥವಾ ಎನ್‌ಪಿಎಸ್ ಯಾವ ವರ್ಷದಿಂದ ಜಮಾ ಆಗ್ಲಿಕ್ಕೆ ಹತ್ತೇದ? ಬ್ಯಾನಿ ಬಂದ್ರ ದವಾಖಾನಿ ಖರ್ಚು ಯಾರು ಕೊಡ್ತಾರ? ಪಗಾರ 21,000ದ ಒಳಗಿದ್ರ ಇಎಸ್ಐ ಅದನ? ಹೆರಿಗಿ ರಜಾ ಬರವಣಿಗಿಯೊಳಗ ಅದನ? ನಾಳೆ ಆ ಮನಷ್ಯಾ ಇಲ್ಲಾ ಅಂದ್ರ ಮನಿಗೆ ಏನು ಬರ್ತದ? ಐದಕ್ಕೂ ನೆಟ್ಟಗ ಉತ್ತರ ಬಂದ್ರ ಅದು ಛಲೋ ನೌಕರಿ. ಬೋರ್ಡಿನ ಮ್ಯಾಲೆ ಸರಕಾರ ಅಂತಿರಲಿ, ಪ್ರೈವೇಟ್ ಲಿಮಿಟೆಡ್ ಅಂತಿರಲಿ.

ನಿಮ್ಮ ಮನಿಯೊಳಗ ಹೆಂಗದ, ಯಾರಿಗೆ ಗ್ರಾಚ್ಯುಟಿ ಬಂತು, ಯಾರಿಗೆ ತಪ್ಪಿತು, ಸಿಕ್ಕಾಗ ಹೇಳ್ರಿ. ಒಬ್ಬಾಕೀನ ಅನುಭವ ಇನ್ನೊಬ್ಬಾಕೀನ ಮನಿ ಉಳಸ್ತದ.