ಹಡಗಿಗೆ ಬೇಕಿದ್ದದ್ದು ಒಂದು ಧಕ್ಕೆ

ಮಂಗಳೂರು, ಮಲ್ಪೆಯ ಕಡೆ ದೋಣಿ ಕಟ್ಟಿಹಾಕುವ ಕಟ್ಟೆಗೆ ಧಕ್ಕೆ ಎನ್ನುತ್ತಾರೆ. ಘಟ್ಟದ ಮೇಲಿನವರಿಗೆ ಅದೇ ಪದ ಪೆಟ್ಟು, ಹಾನಿ. ‘ಎಸ್‌ಎಸ್ ಯುನೈಟೆಡ್ ಸ್ಟೇಟ್ಸ್’ ಎಂಬ ಅಮೆರಿಕದ ಹಡಗಿನ ಪಾಡು ಈ ಎರಡು ಅರ್ಥಗಳ ನಡುವೆಯೇ ಇದೆ. ಮೊದಲನೆಯದು ಸಿಗಲಿಲ್ಲ, ಎರಡನೆಯದು ತಪ್ಪಲಿಲ್ಲ.

2024ರ ಅಕ್ಟೋಬರಿನಲ್ಲಿ ಫ್ಲಾರಿಡಾದ ಒಕಲೂಸ ಕೌಂಟಿಯ ಆಡಳಿತ ಈ ಹಡಗನ್ನು 10 ಲಕ್ಷ ಡಾಲರಿಗೆ ಕೊಳ್ಳುವ ತೀರ್ಮಾನ ಮಾಡಿತು. ಓಡಿಸಲಿಕ್ಕಲ್ಲ, ಡೆಸ್ಟಿನ್ ತೀರದಾಚೆ ಮುಳುಗಿಸಿ ಜಗತ್ತಿನ ಅತಿ ದೊಡ್ಡ ಕೃತಕ ಬಂಡೆಸಾಲು ಮಾಡಲಿಕ್ಕೆ. ಎಳೆದು ತರುವುದು, ತೊಳೆಯುವುದು, ಮುಳುಗಿಸುವುದು ಎಲ್ಲ ಸೇರಿ ಒಂದು ಕೋಟಿ ಡಾಲರಿನ ಆಸುಪಾಸಿನ ಬಾಬತ್ತು. ಮೀನು ಬರುತ್ತದೆ, ಮೀನು ನೋಡಲು ಡೈವಿಂಗ್ ಮಾಡುವವರು ಬರುತ್ತಾರೆ, ಅವರ ಹಿಂದೆ ಹೋಟೆಲಿನವರಿಗೆ ಕಾಸು ಬರುತ್ತದೆ. ಕೌಂಟಿಯ ಲೆಕ್ಕದಲ್ಲಿ ತಪ್ಪಿಲ್ಲ. ಪಕ್ಕದ ಪೆನ್ಸಕೋಲಾದವರು 2006ರಲ್ಲೇ ‘ಒರಿಸ್ಕನಿ’ ಎಂಬ ವಿಮಾನವಾಹಕ ನೌಕೆಯನ್ನು ಮುಳುಗಿಸಿ ಈ ವ್ಯವಹಾರ ಕಲಿತಿದ್ದಾರೆ. ನನ್ನ ತಕರಾರು ಇದನ್ನು ‘ಹಡಗಿನ ಎರಡನೇ ಬದುಕು’ ಎನ್ನುವವರ ಜೊತೆ. ಅಜ್ಜನ ಮನೆ ಕೆಡವಿ, ಆ ಕಲ್ಲಿನಲ್ಲಿ ಬಾವಿಗೆ ಕಟ್ಟೆ ಕಟ್ಟಿಸಿ, ‘ಮನೆ ಉಳಿಸಿಕೊಂಡೆವು’ ಎಂದರೆ ಯಾರು ಒಪ್ಪುತ್ತಾರೆ?

ಇದು ಎಂಥ ಹಡಗು ಎಂಬುದನ್ನು ಹೇಳಬೇಕು. 1952ರ ಜುಲೈಯಲ್ಲಿ, ಮೊದಲ ಯಾನದಲ್ಲೇ, 3 ದಿನ 10 ಗಂಟೆ 40 ನಿಮಿಷದಲ್ಲಿ ಅಟ್ಲಾಂಟಿಕ್ ದಾಟಿ ‘ಕ್ವೀನ್ ಮೇರಿ’ಯ ದಾಖಲೆಯನ್ನು ಹತ್ತು ಗಂಟೆಗಳಷ್ಟು ಹಿಂದೆ ಹಾಕಿತು. ಉದ್ದ 990 ಅಡಿ. ವಿನ್ಯಾಸಕ ವಿಲಿಯಂ ಫ್ರಾನ್ಸಿಸ್ ಗಿಬ್ಸ್‌ಗೆ ಬೆಂಕಿಯೆಂದರೆ ಜೀವಭಯ. ಹಡಗಿನೊಳಗೆ ಮರವೇ ಬೇಡ ಎಂದ. ಕೊನೆಗೆ ಒಳಗೆ ಬಂದ ಮರ ಎರಡೇ ಎನ್ನುತ್ತಾರೆ: ಅಡುಗೆಮನೆಯಲ್ಲಿ ಮಾಂಸ ಕಡಿಯುವ ಕೊರಡು, ಮತ್ತು ಪಿಯಾನೊ. ಪಿಯಾನೊವನ್ನೂ ಅಲ್ಯುಮಿನಿಯಂನಲ್ಲಿ ಮಾಡಿಕೊಡಿ ಎಂದು ಆತ ಕೇಳಿದ್ದನಂತೆ, ತಯಾರಕರು ಒಪ್ಪಲಿಲ್ಲ. ಹಡಗು ಕಡಲಲ್ಲಿರುವಾಗ ದಿನವೂ ಫೋನು ಮಾಡಿ ಅದರ ಕ್ಷೇಮ ವಿಚಾರಿಸುತ್ತಿದ್ದ. 1967ರಲ್ಲಿ ಆತ ತೀರಿಕೊಂಡ. ಎರಡೇ ವರ್ಷಕ್ಕೆ ಹಡಗಿನ ಓಡಾಟವೂ ನಿಂತಿತು. ಅಷ್ಟರಲ್ಲಿ ಜನ ಜೆಟ್ ವಿಮಾನ ಹತ್ತಿಯಾಗಿತ್ತು.

ಈಗ ದುಡ್ಡಿನ ಮಾತು, ಏಕೆಂದರೆ ಜಗಳದ ಬೇರು ಅಲ್ಲಿದೆ. ಹಡಗಿಗೆ ತಗಲಿದ್ದು ಸುಮಾರು 7.8 ಕೋಟಿ ಡಾಲರ್. ಅದರಲ್ಲಿ 5 ಕೋಟಿಯಷ್ಟು ಅಮೆರಿಕ ಸರ್ಕಾರದ್ದು, ಎಂದರೆ ತೆರಿಗೆ ಕಟ್ಟಿದವರದ್ದು. ಯುದ್ಧ ಬಂದರೆ ಸುಮಾರು 14,000 ಸೈನಿಕರನ್ನು ತುಂಬಿಸಿ ಕಳಿಸುವ ಏರ್ಪಾಡು ಅದರ ಹೊಟ್ಟೆಯೊಳಗಿತ್ತು. ಅದರ ಗರಿಷ್ಠ ವೇಗವನ್ನು ವರ್ಷಗಟ್ಟಲೆ ರಾಜ್ಯರಹಸ್ಯದಂತೆ ಕಾಯಲಾಯಿತು. ಕಟ್ಟುವಾಗ ದೇಶದ ಆಸ್ತಿ, ದೇಶದ ಹೆಸರು. ತುಕ್ಕು ಹಿಡಿದಾಗ ಮಾತ್ರ ಅದು ಖಾಸಗಿಯವರ ತಲೆನೋವು! ಮಾಲೀಕರ ಮೇಲೆ ಮಾಲೀಕರು ಬಂದರು. 1984ರಲ್ಲಿ ಪೀಠೋಪಕರಣಗಳೆಲ್ಲ ಹರಾಜಾದವು. ತೊಂಬತ್ತರ ದಶಕದಲ್ಲಿ ಟರ್ಕಿಗೂ ಉಕ್ರೇನಿಗೂ ಎಳೆದೊಯ್ದು ಕಲ್ನಾರು ಕಿತ್ತರು. 1996ರಿಂದ ಫಿಲಡೆಲ್ಫಿಯಾದ 82ನೇ ಪಿಯರ್‌ನಲ್ಲಿ ನಿಂತೇ ಇತ್ತು. ಎದುರಿನ ಐಕಿಯಾ ಅಂಗಡಿಗೆ ಕುರ್ಚಿ, ಮೇಜು ಕೊಳ್ಳಲು ಬಂದವರು ಅದರ ಬಣ್ಣ ಕಳಚಿದ ಚಿಮಣಿಗಳನ್ನು ನೋಡಿ ಹೋಗುತ್ತಿದ್ದರು.

ಉಳಿಸಲು ಹೊರಟವರು ಸುಮ್ಮನೆ ಕೂತವರಲ್ಲ. ಗಿಬ್ಸ್‌ನ ಮೊಮ್ಮಗಳು ಸೂಸನ್ ಗಿಬ್ಸ್ ನೇತೃತ್ವದ ಕನ್ಸರ್ವೆನ್ಸಿ ಸಂಸ್ಥೆ, ಜೆರಿ ಲೆನ್‌ಫೆಸ್ಟ್ ಎಂಬ ದಾನಿಯ ನೆರವಿನಿಂದ, 2011ರಲ್ಲಿ ಹಡಗನ್ನು ಗುಜರಿಯ ಬಾಯಿಂದ ಬಿಡಿಸಿಕೊಂಡಿತು. ದೇಶದ ಮೂಲೆಮೂಲೆಯಿಂದ ಜನ ಐದು, ಹತ್ತು ಡಾಲರ್ ಕಳಿಸಿದರು. ಆದರೆ ಅವರ ಎಡವಟ್ಟನ್ನೂ ಹೇಳಲೇಬೇಕು. ಹದಿಮೂರು ವರ್ಷ ಅವರು ಹುಡುಕಿದ್ದು ಹಡಗನ್ನು ಹೋಟೆಲು, ಕಚೇರಿ, ಸಭಾಂಗಣ ಮಾಡುವ ಕುಬೇರನನ್ನು. ಕ್ರೂಸ್ ಕಂಪನಿಯೊಂದು ಮತ್ತೆ ಓಡಿಸುತ್ತೇನೆಂದು ಬಂದು 2016ರಲ್ಲಿ ಕೈ ಚೆಲ್ಲಿತು. ಆಮೇಲೆ ನ್ಯೂಯಾರ್ಕಿನ ರಿಯಲ್ ಎಸ್ಟೇಟ್ ಕಂಪನಿ ನಕಾಶೆಗಳನ್ನು ತೋರಿಸಿತು. ನಕಾಶೆಗೇನು, ಅದಕ್ಕೆ ಬಾಡಿಗೆ ಕಟ್ಟಬೇಕಾಗಿಲ್ಲ. ಹಡಗಿಗೆ ಕಟ್ಟಬೇಕಿತ್ತು, ದಿನಕ್ಕೆ 850 ಡಾಲರ್. 2021ರಲ್ಲಿ ಪಿಯರ್‌ನವರು ಅದನ್ನು ದುಪ್ಪಟ್ಟು ಮಾಡಿದರು, ವಿಷಯ ಕೋರ್ಟಿಗೆ ಹೋಯಿತು. 2024ರ ಜೂನ್‌ನಲ್ಲಿ ಬಂದ ತೀರ್ಪು ವಿಚಿತ್ರ: ಹೆಚ್ಚಿಸಿದ ಬಾಡಿಗೆ ಕೊಡಬೇಕಿಲ್ಲ, ಆದರೆ 90 ದಿನದಲ್ಲಿ ಜಾಗ ಖಾಲಿ ಮಾಡಬೇಕು.

990 ಅಡಿಯ ಹಡಗನ್ನು ಮಂಚದಂತೆ ಎತ್ತಿ ಇನ್ನೊಂದು ಕೋಣೆಗೆ ಇಡಲಾಗುವುದಿಲ್ಲ. ಆಳದ ನೀರು, ಗಟ್ಟಿ ಕಟ್ಟೆ ಇರುವ ಬಂದರಿನವರು ಯಾರಾದರೂ ‘ಇಲ್ಲಿ ತಂದು ಕಟ್ಟಿ’ ಎನ್ನಬೇಕಿತ್ತು. ಅಷ್ಟೊಂದು ಬಂದರುಗಳ ದೇಶದಲ್ಲಿ ಕೈ ಎತ್ತಿದ್ದು ಮುಳುಗಿಸುವವರು ಮಾತ್ರ.

ಉಳಿದ ಹಡಗುಗಳನ್ನು ನೋಡಿ. ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್ ನಗರ 1967ರಲ್ಲಿ ‘ಕ್ವೀನ್ ಮೇರಿ’ಯನ್ನು ತಾನೇ ಕೊಂಡಿತು. ದುರಸ್ತಿಯ ಖರ್ಚಿಗೆ ಬೈದುಕೊಳ್ಳುತ್ತಲೇ ಇದ್ದರೂ ಹಗ್ಗ ಬಿಚ್ಚಿಲ್ಲ. ಯೊಕೊಹಾಮಾದಲ್ಲಿ ‘ಹಿಕಾವಾ ಮಾರು’ ಇವತ್ತಿಗೂ ದಡದಲ್ಲಿದೆ. ನಮ್ಮ ‘ವಿಕ್ರಾಂತ್’ ಮುಂಬೈಯಲ್ಲಿ ಮ್ಯೂಸಿಯಂ ಆಗಿದ್ದರೂ ಹೊರೆ ಹೊರುವವರಿಲ್ಲದೆ 2014ರಲ್ಲಿ ಹರಾಜಾಗಿ ಗುಜರಿ ಸೇರಿತು. ಕಾರವಾರದ ಕಡಲತೀರದಲ್ಲಿ ಪುಟ್ಟ ‘ಚಪಲ್’ ಯುದ್ಧನೌಕೆ 2006ರಿಂದ ಮರಳ ಮೇಲೆ ನಿಂತಿದೆ. ಭವ್ಯವೇನಲ್ಲ, ಉಪ್ಪುಗಾಳಿ ಅದನ್ನೂ ತಿನ್ನುತ್ತಿದೆ. ಆದರೆ ಮಕ್ಕಳು ಏಣಿ ಹತ್ತಿ ಒಳಗೆ ಹೋಗುತ್ತಾರೆ.

‘ಒಳಗೆ ಏನೂ ಇಲ್ಲವಲ್ಲ, ಬರೀ ಉಕ್ಕಿನ ಚಿಪ್ಪು’ ಎನ್ನುತ್ತಾರೆ. ಹಂಪಿಯ ಅರಮನೆಗಳಲ್ಲಿ ಉಳಿದದ್ದಾದರೂ ಏನು? ಜಗತಿ ತಾನೆ! ಖಾಲಿ ಹಡಗು ಹೊಸ ಬಳಕೆಗೆ ಹೆಚ್ಚು ಅನುಕೂಲ. ಕಲ್ನಾರು ಕೀಳುವ ದೊಡ್ಡ ಖರ್ಚು ಮೊದಲೇ ಮುಗಿದಿತ್ತು.

2025ರ ಫೆಬ್ರುವರಿಯಲ್ಲಿ ಟಗ್ಗುಗಳು ಅದನ್ನು ಡೆಲವೇರ್ ನದಿಯಿಂದ ಎಳೆದುಕೊಂಡು ಹೊರಟವು. ಸೇತುವೆಗಳ ಕೆಳಗೆ ಚಿಮಣಿ ತಾಗದಿರಲೆಂದು ನೀರಿನ ಇಳಿತ ನೋಡಿಕೊಂಡು ದಾಟಿಸಿದರು. ಮಾರ್ಚ್‌ನಲ್ಲಿ ಅಲಬಾಮಾದ ಮೊಬೀಲ್ ಬಂದರು ಸೇರಿತು, ಮುಳುಗುವ ಮುಂಚಿನ ಸ್ನಾನಕ್ಕೆ. ಅದರ ಚಿಮಣಿಯನ್ನೂ ಅಳಿದುಳಿದ ವಸ್ತುಗಳನ್ನೂ ಇಟ್ಟು ಫ್ಲಾರಿಡಾದ ದಡದಲ್ಲೊಂದು ಮ್ಯೂಸಿಯಂ ಮಾಡುವ ಯೋಜನೆಯೂ ಒಪ್ಪಂದದಲ್ಲಿದೆ. ಅದಕ್ಕೆ ದಡದಲ್ಲಿ ಜಾಗವೂ ಸಿಗುತ್ತದಂತೆ.