ಕಲ್ಯಾಣದ ಮಣ್ಣನ್ನೂ ಓದಬೇಕು

‘ಮಿತಾಕ್ಷರ’ವನ್ನು ರಚಿಸಿದ ವಿಜ್ಞಾನೇಶ್ವರ ತನ್ನ ಗ್ರಂಥದ ಕೊನೆಯಲ್ಲಿ ಕಲ್ಯಾಣ ನಗರವನ್ನು ಮನಸಾರೆ ಕೊಂಡಾಡಿದ್ದಾನೆ. ಯಾವ ಕಾಲದಲ್ಲೂ ಅದಕ್ಕೆ ಸಾಟಿಯಾದ ಊರಿಲ್ಲವೆಂಬುದು ಅವನ ಅಭಿಮಾನ. ಕಾಶ್ಮೀರದಿಂದ ಬಂದ ಬಿಲ್ಹಣನೂ ‘ವಿಕ್ರಮಾಂಕದೇವಚರಿತ’ದಲ್ಲಿ ಇದೇ ನಗರದ ವೈಭವವನ್ನು ವರ್ಣಿಸಿದ್ದಾನೆ. ಇಬ್ಬರಿಗೂ ಆಶ್ರಯದಾತನಾಗಿದ್ದವನು ಆರನೆಯ ವಿಕ್ರಮಾದಿತ್ಯ (1076–1126). ಈ ಕೃತಿಗಳನ್ನು ನಾವು ತಲೆಮಾರುಗಳಿಂದ ಪಾಠ ಹೇಳುತ್ತ ಬಂದಿದ್ದೇವೆ. ಆದರೆ ಆ ನಗರದ ಬೀದಿಗಳ ಅಗಲವೆಷ್ಟು, ಮನೆಗಳ ಗೋಡೆ ಕಲ್ಲಿನದೋ ಮಣ್ಣಿನದೋ, ನೀರು ಎಲ್ಲಿಂದ ಬರುತ್ತಿತ್ತು, ಕುಂಬಾರರ ಕೇರಿ ಯಾವ ದಿಕ್ಕಿಗಿತ್ತು ಎಂದು ವಿದ್ಯಾರ್ಥಿಯೊಬ್ಬ ಕೇಳಿದರೆ ನಮ್ಮ ಕಾವ್ಯಗಳೂ ಶಾಸನಗಳೂ ಉತ್ತರ ಕೊಡುವುದಿಲ್ಲ. ಉತ್ತರವಿರುವುದು ಬಸವಕಲ್ಯಾಣದ ಮಣ್ಣಿನಲ್ಲಿ.

ಶಾಸನಗಳ ಮಹತ್ವವನ್ನು ಕುಗ್ಗಿಸುವುದು ನನ್ನ ಉದ್ದೇಶವಲ್ಲ. ಈ ಸೀಮೆಯ ಧಾರ್ಮಿಕ ಚರಿತ್ರೆ ಇಂದು ನಮಗೆ ಇಷ್ಟಾದರೂ ಗೊತ್ತಿರುವುದು ಶಾಸನಗಳಿಂದಲೇ, ಪಿ. ಬಿ. ದೇಸಾಯಿಯವರು 1957ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜೈನಧರ್ಮ ಕುರಿತ ಗ್ರಂಥದಲ್ಲಿ ಕಲಬುರಗಿ ಸೀಮೆಯ ಜೈನ ಶಾಸನಗಳಿಗೆ ದೊಡ್ಡ ಪಾಲಿದೆ. ಆದರೆ ಶಾಸನ ಮಾತನಾಡುವುದು ದಾನ ಕೊಟ್ಟವರ ಮತ್ತು ಪಡೆದವರ ಪರವಾಗಿ. ಕೊಡಲು ಏನೂ ಇಲ್ಲದವನ ಬದುಕು ಅದರಲ್ಲಿ ದಾಖಲಾಗುವುದು ಅಪರೂಪ. ಅವನು ಬಿಟ್ಟುಹೋದದ್ದು ಒಡೆದ ಮಡಕೆ, ಸವೆದ ಬೀಸುವ ಕಲ್ಲು, ಒಲೆಯ ಬೂದಿ.

ಎರಡು ಉದಾಹರಣೆಗಳನ್ನು ಕೊಡುತ್ತೇನೆ. ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ ಸುಮಾರು 1130ರ ಕೃತಿ. ಅದರ ಅನ್ನಭೋಗ ಪ್ರಕರಣದಲ್ಲಿ ಉದ್ದಿನ ಹಿಟ್ಟಿನ ಇಡ್ಡರಿಕೆ, ದೋಸಕ ಮುಂತಾದ ಭಕ್ಷ್ಯಗಳ ವಿವರವಿದೆ. ಇದು ಅರಮನೆಯ ಅಡುಗೆ. ಇವುಗಳಲ್ಲಿ ಯಾವುದು ಊರವರ ಮನೆಯಲ್ಲೂ ಬೇಯುತ್ತಿತ್ತು, ದೋಸೆಯ ಹಂಚು ಮಣ್ಣಿನದೋ ಕಬ್ಬಿಣದ್ದೋ ಎಂಬುದನ್ನು ಆ ಕಾಲದ ಅಡುಗೆಮನೆಯ ಅವಶೇಷವೊಂದು ದೊರೆತರೆ ತಿಳಿಯಬಹುದು. ಹಾಗೆಯೇ ಶರಣರ ವಚನಗಳು. ನುಲಿಯ ಚಂದಯ್ಯ, ಮೇದಾರ ಕೇತಯ್ಯ, ಮಡಿವಾಳ ಮಾಚಯ್ಯ ಇವರ ಹೆಸರಿನಲ್ಲೇ ಅವರ ಕಾಯಕವಿದೆ. ಆ ಕಾಯಕಗಳ ಉಪಕರಣಗಳನ್ನು ನಾವು ರೂಪಕಗಳಾಗಿ ವಿವೇಚಿಸುತ್ತೇವೆ. ಹನ್ನೆರಡನೆಯ ಶತಮಾನದ ವಸ್ತುಗಳಾಗಿ ಅವುಗಳನ್ನು ಕಂಡವರು ನಮ್ಮಲ್ಲಿ ಎಷ್ಟು ಮಂದಿ?

ವಸ್ತುವನ್ನು ಓದುವಾಗ ಅದು ದೊರೆತ ಜಾಗವೂ ಪಾಠದ ಭಾಗವೇ ಆಗಿರುತ್ತದೆ. ಇದಕ್ಕೆ ಹುಮನಾಬಾದ್ ತಾಲ್ಲೂಕಿನ ಜಲಸಂಗ್ವಿಗಿಂತ ಒಳ್ಳೆಯ ನಿದರ್ಶನವಿಲ್ಲ. ಅಲ್ಲಿಯ ಚಾಲುಕ್ಯ ದೇವಾಲಯದ ಹೊರಗೋಡೆಯಲ್ಲಿ ಶಿಲಾಬಾಲಿಕೆಯೊಬ್ಬಳು ಫಲಕದ ಮೇಲೆ ಬರೆಯುತ್ತ ನಿಂತಿದ್ದಾಳೆ. ಬರೆದಿರುವುದು ಚಾಲುಕ್ಯ ವಿಕ್ರಮಾದಿತ್ಯನ ಪ್ರಶಂಸೆ. ಅಕ್ಷರ, ಶಿಲ್ಪ, ಗೋಡೆ ಮೂರೂ ಒಟ್ಟಿಗೆ ಉಳಿದಿರುವುದರಿಂದ ಅದು ಯಾರ ಕಾಲದ್ದು, ಪ್ರದಕ್ಷಿಣೆ ಬರುವ ಭಕ್ತನ ಕಣ್ಣಿಗೆ ಎಲ್ಲಿ ಬೀಳುತ್ತಿತ್ತು ಎಂಬುದನ್ನೆಲ್ಲ ನಾವು ಹೇಳಬಲ್ಲೆವು. ಅವಳನ್ನು ಕಿತ್ತು ಬೇರೆಲ್ಲೋ ನಿಲ್ಲಿಸಿದ್ದರೆ ಒಂದು ಸುಂದರ ವಿಗ್ರಹವಷ್ಟೇ ಉಳಿಯುತ್ತಿತ್ತು.

ಬಸವಕಲ್ಯಾಣ ಕೋಟೆಯೊಳಗಿನ ವಸ್ತುಸಂಗ್ರಹಾಲಯದಲ್ಲಿ ಇದಕ್ಕೆ ಪ್ರತಿಯಾದ ಸ್ಥಿತಿಯನ್ನು ಕಾಣುತ್ತೇವೆ. ಅಲ್ಲಿ ಹತ್ತು, ಹನ್ನೊಂದನೆಯ ಶತಮಾನಗಳ ವಿಗ್ರಹಗಳಿವೆ; ಹೆಚ್ಚಿನವು ಜೈನ ವಿಗ್ರಹಗಳು. ಜಿನಬಿಂಬಗಳ ಮುಖಲಕ್ಷಣ ಬಹುಮಟ್ಟಿಗೆ ಒಂದೇ. ಹೆಡೆಯಿದ್ದರೆ ಪಾರ್ಶ್ವನಾಥನನ್ನೋ ಸುಪಾರ್ಶ್ವನಾಥನನ್ನೋ, ಹೆಗಲ ಮೇಲೆ ಜಟೆ ಇಳಿದಿದ್ದರೆ ಆದಿನಾಥನನ್ನೋ ಗುರುತಿಸಬಹುದು. ಉಳಿದ ತೀರ್ಥಂಕರರನ್ನು ತಿಳಿಯಲು ಪೀಠದ ಲಾಂಛನ ಬೇಕು, ಅಥವಾ ಜೊತೆಯ ಯಕ್ಷ ಯಕ್ಷಿಯರು ಬೇಕು. ಪೀಠ ಹೋದರೆ ಬಿಂಬ ಹೆಸರು ಕಳೆದುಕೊಳ್ಳುತ್ತದೆ. ಪೀಠದ ಮೇಲೆ ಬರಹವಿದ್ದಿದ್ದರೆ ಮಾಡಿಸಿದವರ ಹೆಸರು, ಗುರುವಿನ ಗಣ ಗಚ್ಛಗಳು, ಬಸದಿಯ ಹೆಸರು ಎಲ್ಲವೂ ಹೋಗುತ್ತವೆ. ಯಾವ ಊರಿನ ಯಾವ ಹೊಲದಿಂದ ತಂದದ್ದೆಂಬುದೂ ಮರೆತರೆ ಆ ಬಸದಿ ಭೂಪಟದಿಂದಲೇ ಅಳಿದಂತೆ.

ಇಂಥ ಬಿಂಬದ ಎದುರು ನಿಂತಾಗ ‘ಇದು ನಮ್ಮದು’ ಎಂಬ ಮಾತು ನನ್ನ ನಾಲಿಗೆಗೂ ಬರುತ್ತದೆ. ಜೈನನಾದ ನನಗೆ ಅದು ಸಹಜ. ಆದರೆ ಸಂಶೋಧಕನಾಗಿ ಆ ಮಾತನ್ನು ನುಂಗಿಕೊಳ್ಳಬೇಕಾಗುತ್ತದೆ. ಚಾಲುಕ್ಯರು, ಕಳಚುರಿಗಳು, ಶರಣರು, ಬಹಮನಿಗಳು, ಅವರ ನಂತರದವರು ಒಂದೇ ನೆಲದ ಮೇಲೆ ಬಾಳಿದ್ದಾರೆ. ಒಬ್ಬರ ಕಲ್ಲನ್ನು ಇನ್ನೊಬ್ಬರು ಬಳಸಿದ್ದಾರೆ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಅಶೋಕನ ಶಾಸನದ ಕಲ್ಲು ಕಾಳಿಕಾದೇವಿಯ ಪೀಠವಾಗಿ ಬಳಕೆಯಾಗಿತ್ತು. ಆ ಕಲ್ಲಿಗೆ ಎರಡು ಚರಿತ್ರೆಗಳಿವೆ, ಎರಡೂ ನಿಜ. ಉತ್ಖನನದ ಫಲವನ್ನು ಆಸ್ತಿಯ ಹಕ್ಕುಪತ್ರದಂತೆ ಓದಲು ಹೊರಟರೆ ಅಗೆಯದಿರುವುದೇ ಲೇಸೆಂದು ಜನ ಹೇಳುತ್ತಾರೆ. ಆ ಭಯವನ್ನು ಹುಟ್ಟಿಸಿದವರಲ್ಲಿ ಆಯಾ ಮತದ ಅಭಿಮಾನಿಗಳಾದ ನಾವೂ ಇದ್ದೇವೆ.

ಜನವಸತಿಯಿರುವ ಊರನ್ನು ಅಗೆಯುವುದು ಹೇಗೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಚಂದ್ರವಳ್ಳಿಯಲ್ಲಿ 1929ರಲ್ಲಿ ಎಂ. ಎಚ್. ಕೃಷ್ಣ ಅವರಿಗೆ, ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅವರಿಗೆ ತೆರೆದ ನೆಲ ಸಿಕ್ಕಿತು. ಬಸವಕಲ್ಯಾಣದಲ್ಲಿ ಊರಿನ ಮೇಲೆ ಊರಿದೆ. ಆದರೂ ಊರು ಪ್ರತಿದಿನ ತನ್ನನ್ನು ತಾನೇ ಅಗೆದುಕೊಳ್ಳುತ್ತಿದೆ. ಮನೆಗೆ ಪಾಯ ತೋಡುತ್ತಾರೆ, ಚರಂಡಿಗೆ ಕಾಲುವೆ ಹೊಡೆಯುತ್ತಾರೆ, ಕೆರೆಯ ಹೂಳೆತ್ತುತ್ತಾರೆ, ರಸ್ತೆ ಅಗಲಿಸುತ್ತಾರೆ. ಹೊಸ ಅನುಭವ ಮಂಟಪಕ್ಕೆ 2021ರಲ್ಲಿ ಅಡಿಗಲ್ಲು ಬಿದ್ದಿತು. ಕಟ್ಟುವ ಕೆಲಸ ಇನ್ನೂ ಹೆಚ್ಚುವುದೇ ಹೊರತು ನಿಲ್ಲುವುದಿಲ್ಲ. ತೋಡಿದ ಪ್ರತಿಯೊಂದು ಗುಂಡಿಯ ಪಕ್ಕೆಯಲ್ಲಿ ಮಣ್ಣಿನ ಪದರಗಳು ಕೆಲವು ದಿನ ಕಾಣುತ್ತವೆ, ಬಳಿಕ ಮುಚ್ಚಿಹೋಗುತ್ತವೆ. ಆ ಕೆಲವು ದಿನಗಳಲ್ಲಿ ಪದರಗಳ ಚಿತ್ರ ತೆಗೆದು, ಅಳತೆ ಬರೆದು, ದೊರೆತ ಮಡಕೆಚೂರುಗಳನ್ನು ಪದರವಾರು ಗುರುತುಹಾಕಿಡುವ ವ್ಯವಸ್ಥೆ ಬೇಕು. ಕೋಟೆಯ ಸುತ್ತ, ಕೆರೆಗಳ ದಂಡೆಯಲ್ಲಿ, ನಾರಾಯಣಪುರದಂಥ ಹತ್ತಿರದ ಹಳ್ಳಿಗಳಲ್ಲಿ ತೆರವಿರುವ ಜಾಗ ಸಿಕ್ಕರೆ ಸಣ್ಣ ಪರೀಕ್ಷಾ ಕಂದಕಗಳನ್ನು ತೆಗೆಯಬಹುದು.

ನೆರೆಯ ಮಹಾರಾಷ್ಟ್ರದ ತೇರ, ಅಂದರೆ ಪ್ರಾಚೀನ ತಗರ, ನಮಗೊಂದು ಪಾಠ. ಅಲ್ಲಿಯ ರಾಮಲಿಂಗಪ್ಪ ಲಾಮತುರೆ ಎಂಬ ಗೃಹಸ್ಥರು ನೆಲದಲ್ಲಿ ಸಿಕ್ಕ ವಸ್ತುಗಳನ್ನು ಸಂಗ್ರಹಿಸುತ್ತ ಹೋದರು. ಅದೇ ಇಂದು ಅವರ ಹೆಸರಿನ ಸರ್ಕಾರಿ ವಸ್ತುಸಂಗ್ರಹಾಲಯ. ಅವರ ಆಸಕ್ತಿಯಿಂದ ಬಹಳಷ್ಟು ಉಳಿಯಿತು. ಅಂಥ ಆಸಕ್ತಿಗೆ ಪದರದ ಮತ್ತು ಸ್ಥಳದ ದಾಖಲೆಯನ್ನೂ ಕೂಡಿಸುವುದು ನಮ್ಮ ಕಾಲದ ಕೆಲಸ.

ಇದನ್ನು ಪುರಾತತ್ತ್ವ ಇಲಾಖೆಯೊಂದಕ್ಕೇ ಬಿಡಬಾರದು. ಹಳಗನ್ನಡ ಓದಬಲ್ಲ ವಿದ್ಯಾರ್ಥಿಗೆ ಮಡಕೆಯ ಅಂಚನ್ನು ಗುರುತಿಸುವುದನ್ನೂ ಕಲಿಸಬೇಕು. ಕನ್ನಡ ವಿಭಾಗಗಳು ಮೊದಲ ಹೆಜ್ಜೆಯಾಗಿ ಒಂದು ಕೆಲಸ ಮಾಡಲಿ: ಬಸವಕಲ್ಯಾಣ ಮತ್ತು ಹುಮನಾಬಾದ್ ತಾಲ್ಲೂಕುಗಳ ಪ್ರತಿ ಹಳ್ಳಿಗೂ ಹೋಗಿ, ಕಟ್ಟೆಯ ಮೇಲೋ ಬೇವಿನ ಬುಡದಲ್ಲೋ ಇರುವ ವಿಗ್ರಹ ಎಲ್ಲಿಂದ ಬಂತೆಂದು ಹಿರಿಯರನ್ನು ಕೇಳಿ ಬರೆದುಕೊಳ್ಳಲಿ. ಹೇಳಬಲ್ಲ ಹಿರಿಯರು ವರ್ಷ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಈ ಕೆಲಸಕ್ಕೆ ಪರವಾನಗಿ ಬೇಡ, ಹಾರೆ ಗುದ್ದಲಿ ಬೇಡ, ಒಂದು ಪುಸ್ತಕ, ಒಂದು ಪೆನ್ನು ಸಾಕು.