ಎರಡು ಉತ್ತರ ಕೊಡುವ ಫಂಕ್ಷನ್ನು

ಕಳೆದ ವಾರ ನಮ್ಮ ಪುಣೆಯ ಆಫೀಸಿನಲ್ಲಿ ಒಂದು ಸಣ್ಣ ಜಗಳ ಆಯಿತು. ಜಗಳ ಅಂದರೆ ಕೂಗಾಟವೇನಲ್ಲ, ಕೋಡ್ ರಿವ್ಯೂ. ತಂಡಕ್ಕೆ ಹೊಸದಾಗಿ ಸೇರಿರುವ ಗದಗಿನ ಹುಡುಗ ಪೈಥಾನ್‌ನಲ್ಲಿ ಒಂದು ಫಂಕ್ಷನ್ ಬರೆದಿದ್ದ. ಸಾಲದ ತಿಂಗಳ ಕಂತಿನಲ್ಲಿ ಅಸಲೆಷ್ಟು, ಬಡ್ಡಿಯೆಷ್ಟು ಅಂತ ಬಿಡಿಸಿ ಎರಡು ಸಂಖ್ಯೆ ವಾಪಸ್ ಕೊಡುವ ಫಂಕ್ಷನ್. ರಿಟರ್ನ್ ಟೈಪನ್ನೂ ಬರೆದಿದ್ದ: ಎರಡು ಡೆಸಿಮಲ್‌ಗಳ ಟ್ಯೂಪಲ್. ನಾನು "ಇದು ಸಾಲದು" ಅಂತ ಕಾಮೆಂಟ್ ಹಾಕಿದೆ. ಸೀದಾ ನನ್ನ ಸೀಟಿಗೇ ಬಂದ.

"ಸರ್, ಟೈಪ್ ಬರದೀನಲ್ರೀ, ಮತ್ತೇನ್ ಬೇಕ್ರೀ?"

ಅವನ ಪ್ರಶ್ನೆಯಲ್ಲಿ ತಪ್ಪಿಲ್ಲ. ಪೈಥಾನ್‌ನಲ್ಲಿ ಟೈಪ್ ಹಿಂಟ್‌ಗಳು ಸರಿಯಾಗಿ ಬಳಕೆಗೆ ಬಂದದ್ದೇ 2015ರಲ್ಲಿ, 3.5ರ ಜೊತೆಗೆ. ಅದಕ್ಕೂ ಮುಂಚೆ ಫಂಕ್ಷನ್ ಏನು ಕೊಡುತ್ತದೆ ಅಂತ ತಿಳಿಯಲು ಅದರ ಹೊಟ್ಟೆಯೊಳಗೆ ಇಳಿದು ನೋಡಬೇಕಿತ್ತು. ಎಷ್ಟೋ ಜನ ಇವತ್ತಿಗೂ ಟೈಪ್ ಬರೆಯುವುದಿಲ್ಲ. ಇವನು ಬರೆದಿದ್ದಾನೆ, ಪಾಪ.

ಆದರೆ ನನಗೆ ಹಳೆಯ ಗಾಯ ಇದೆ. ಬಹಳ ವರ್ಷಗಳ ಹಿಂದೆ, ಬೇರೊಂದು ಕಂಪನಿಯಲ್ಲಿ, ಇಂಥದ್ದೇ ಫಂಕ್ಷನ್ ನಾನೂ ಬರೆದಿದ್ದೆ. ಅಸಲು ಮೊದಲು, ಬಡ್ಡಿ ಆಮೇಲೆ. ಮೂರು ತಿಂಗಳಾದ ಮೇಲೆ ಅದನ್ನು ಇನ್ನೊಂದು ಕಡೆ ಬಳಸುವಾಗ ನಾನೇ ತಿರುವುಮುರುವು ಮಾಡಿ ತೆಗೆದುಕೊಂಡೆ. ಲೆಕ್ಕ ನೋಡಿ: ಒಂದು ಲಕ್ಷ ಸಾಲ, ವರ್ಷಕ್ಕೆ ಶೇಕಡಾ 12 ಬಡ್ಡಿ, 12 ಕಂತು. ತಿಂಗಳಿಗೆ ಸುಮಾರು 8,885 ರೂಪಾಯಿ. ಮೊದಲ ಕಂತಿನಲ್ಲಿ ಬಡ್ಡಿ 1,000, ಅಸಲು 7,885. ಬಾಕಿ 92,115 ಆಗಬೇಕು. ಅದಲುಬದಲಾದರೆ ಬಾಕಿ 99,000! ಟೆಸ್ಟ್ ಇರಲಿಲ್ಲವೇ ಅಂತ ಕೇಳಬೇಡಿ, ಇತ್ತು. ಎರಡನ್ನೂ ಕೂಡಿದರೆ ಕಂತು ಬರುತ್ತದೆಯೇ ಅಂತ ನೋಡುತ್ತಿತ್ತು. ಹೇಗೆ ಕೂಡಿದರೂ ಬರುತ್ತದಲ್ಲ! ಕೊನೆಗೆ ಸಾಲಗಾರರೊಬ್ಬರು ನೋಟ್‌ಬುಕ್ಕಿನಲ್ಲಿ ಪೆನ್ಸಿಲ್‌ನಿಂದ ತಾವೇ ಲೆಕ್ಕ ಹಾಕಿಕೊಂಡು ಬಂದಾಗ ಗೊತ್ತಾಗಿದ್ದು. ಆ ಪುಟದ ಫೋಟೋಕಾಪಿ ನನ್ನ ಮೇಜಿನ ಮೇಲೆ ಬಂದು ಕೂತಾಗ ಆದ ನಾಚಿಕೆ ಇನ್ನೂ ಹೋಗಿಲ್ಲ.

ಹಾಗಾಗಿ ನನ್ನ ವಾದ ಇಷ್ಟು. ಎರಡು ಉತ್ತರ ಒಂದೇ ಟೈಪಿನವಾದರೆ ಟೈಪ್ ಹೇಳಿದ್ದು ಅರ್ಧ ಹೇಳಿದಂತೆ. ಹೆಸರೂ ಬೇಕು. ಅಂಗಡಿಯಿಂದ ಮೈದಾ, ಅಕ್ಕಿಹಿಟ್ಟು ಎರಡನ್ನೂ ಒಂದೇ ಥರದ ಪೊಟ್ಟಣದಲ್ಲಿ ತಂದು ಅಡಿಗೆಮನೆಯಲ್ಲಿಟ್ಟ ಹಾಗೆ, ತಂದವನಿಗೆ ಮಾತ್ರ ಗೊತ್ತು.

ಹಳೇ ಸಿ ಭಾಷೆ ಇದನ್ನು ಎಂದೋ ಕಂಡುಕೊಂಡಿತ್ತು. ಅದರ 'ಡಿವ್' ಫಂಕ್ಷನ್ ಭಾಗಲಬ್ಧ, ಶೇಷ ಎರಡನ್ನೂ ಒಂದು ಸ್ಟ್ರಕ್ಟ್‌ನಲ್ಲಿ ಹೆಸರಿಟ್ಟು ಕೊಡುತ್ತದೆ. ಆ ಸ್ಟ್ರಕ್ಟ್‌ನೊಳಗೆ ಯಾವುದು ಮೊದಲು ಇರಬೇಕು ಅಂತ ಸ್ಟ್ಯಾಂಡರ್ಡ್ ಹೇಳುವುದೇ ಇಲ್ಲ! ಹೆಸರಿದ್ದ ಮೇಲೆ ಸರದಿ ಯಾರಿಗೆ ಬೇಕು? ಪೈಥಾನಿನ 'ಡಿವ್‌ಮಾಡ್' ಬರೀ ಟ್ಯೂಪಲ್ ಕೊಡುತ್ತದೆ, ಸರದಿ ನಾವು ನೆನಪಿಟ್ಟುಕೊಳ್ಳಬೇಕು.

2009ರಲ್ಲಿ ಬಂದ ಗೋ ಭಾಷೆಯಲ್ಲಿ ಡಿಕ್ಲರೇಶನ್‌ನಲ್ಲೇ ಹಲವು ರಿಟರ್ನ್ ಟೈಪ್ ಬರೆಯಬಹುದು, ಹೆಸರೂ ಕೊಡಬಹುದು. ಉತ್ತರ ಮೊದಲು, ಎರರ್ ಕೊನೆಗೆ ಅನ್ನುವ ಅವರ ರೂಢಿ ನನಗೆ ಬಹಳ ಇಷ್ಟ. ಎರಡರ ಟೈಪ್ ಬೇರೆ, ಹಾಗಾಗಿ ತಿರುವಿ ಬಳಸಿದರೆ ಕಂಪೈಲರ್ ಸಾಮಾನ್ಯವಾಗಿ ಅಲ್ಲೇ ಕಿವಿ ಹಿಂಡುತ್ತದೆ. ಆದರೆ ಎರಡೂ ಒಂದೇ ಟೈಪ್ ಆದರೆ ಅಲ್ಲೂ ಹೆಸರು ಓದುವವನಿಗಷ್ಟೇ, ಕಂಪೈಲರ್ ಸುಮ್ಮನಿರುತ್ತದೆ.

"ಸಣ್ಣ ಫಂಕ್ಷನ್ನಿಗೂ ಕ್ಲಾಸ್ ಬರೀಬೇಕೇನ್ರೀ? ಎಕ್ಸ್, ವೈ ಕೊಡೋದಕ್ಕೂ?" ಅಂದ. ಎಕ್ಸ್, ವೈ ಆದರೆ ಬಿಡು ಅಂದೆ. ಆದರೆ ಮ್ಯಾಪಿನ ಕೆಲಸ ಮಾಡಿದವರನ್ನು ಕೇಳಿ. ಮಾತಾಡುವಾಗ ಅಕ್ಷಾಂಶ ಮೊದಲು, ಜಿಯೋಜೇಸನ್‌ನಲ್ಲಿ ರೇಖಾಂಶ ಮೊದಲು. ಎರಡೂ ಬರೀ ಸಂಖ್ಯೆ. ಪುಣೆಯನ್ನು ತಿರುವಿ ಹಾಕಿದರೆ ಅದು ಆರ್ಕ್‌ಟಿಕ್ ವೃತ್ತದಾಚೆ ಹೋಗಿ ಕೂರುತ್ತದೆ.

ಕಡೆಗೆ ಡೇಟಾಕ್ಲಾಸ್ ಮಾಡಿದ. ನೇಮ್ಡ್‌ಟ್ಯೂಪಲ್ ಸಾಕಿತ್ತಲ್ಲ ಅಂತ ಕೆಲವರು ಹೇಳಬಹುದು. ಅದನ್ನೂ ಸರದಿಯ ಪ್ರಕಾರ ಬಿಡಿಸಿಕೊಳ್ಳಬಹುದು ನೋಡಿ, ಹಳೇ ತಪ್ಪಿಗೆ ಬಾಗಿಲು ತೆರೆದೇ ಇರುತ್ತದೆ. ಡೇಟಾಕ್ಲಾಸ್‌ನಲ್ಲಿ ಹೆಸರು ಹಿಡಿದೇ ಕೇಳಬೇಕು. ನಾಲ್ಕು ಸಾಲು ಜಾಸ್ತಿ ಆಯಿತು, ಆಗಲಿ.

ಹುಡುಗ ಸುಮ್ಮನೆ ಹೋದ ಅಂದುಕೊಂಡೆ. ಸಂಜೆ ಒಂದು ಲಿಂಕ್ ಕಳಿಸಿದ. ನಮ್ಮದೇ ಪ್ರಾಜೆಕ್ಟಿನ ಹಳೆಯ ಫಂಕ್ಷನ್, ನಾಲ್ಕು ಸಂಖ್ಯೆ ವಾಪಸ್ ಕೊಡುತ್ತದೆ. ಟೈಪೂ ಇಲ್ಲ, ಹೆಸರೂ ಇಲ್ಲ. ಬರೆದವನು ನಾನೇ. ಈ ಶನಿವಾರ ಅದನ್ನು ಸರಿ ಮಾಡಲು ಕೂರಬೇಕು.